ಜಿಯೋಲೈಟ್ ಪೊರೆ ಅಖಂಡವಾಗಿ ಕಂಡರೂ ಅನಿಲಗಳು ಬೇರ್ಪಡುತ್ತಿಲ್ಲವೇಕೆ?
ಅಲ್ಯುಮಿನಾ ಬಿಲ್ಲೆಯ ಮೇಲೆ ಬೆಳೆಸಿದ ಸಿಲಿಕಲೈಟ್-1 (ಅಣುಗಾತ್ರದ ರಂಧ್ರಗಳಿರುವ ಹರಳುವಸ್ತುವಾದ ಜಿಯೋಲೈಟ್‌ನ ಒಂದು ಬಗೆ) ಪೊರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಖಂಡವಾಗಿ ಕಂಡರೂ, ಜಲಜನಕ ಮತ್ತು ಸಾರಜನಕಗಳ ಹರಿವಿನ ಅನುಪಾತ 3.7ರ ಆಸುಪಾಸಿನಲ್ಲೇ ನಿಂತಿದೆ, ಬಿರುಕು ಬಿಟ್ಟಿದೆಯೇ ಎಂದು ಕೇಳಿದ್ದೀರಿ.

ಅನುಮಾನ ಸಹಜವಾದುದೇ. ಅಣುತೂಕ 28ನ್ನು 2ರಿಂದ ಭಾಗಿಸಿ ವರ್ಗಮೂಲ ತೆಗೆದರೆ 3.74 ಬರುತ್ತದೆ, ಹರಳುಗಳ ನಡುವಿನ ಕೆಲವೇ ನ್ಯಾನೋಮೀಟರ್ ಅಗಲದ ಸಂದುಗಳಲ್ಲಿ ಅನಿಲ ನುಸುಳುವಾಗ ಸಿಗುವ ನುಡ್ಸನ್ ಅನುಪಾತ, ಅಂದರೆ ಅಣುತೂಕವೊಂದರಿಂದಲೇ ನಿರ್ಧಾರವಾಗುವ ಹರಿವಿನ ಅನುಪಾತವಿದು, ಮತ್ತು ಅಂಥ ಸಂದುಗಳು ಸೂಕ್ಷ್ಮದರ್ಶಕದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಆದರೆ ಸಿಲಿಕಲೈಟ್‌ನ ರಂಧ್ರವೇ ಸುಮಾರು 0.55 ನ್ಯಾನೋಮೀಟರ್ ಇರುವಾಗ 0.29 ನ್ಯಾನೋಮೀಟರ್ ಅಗಲದ ಜಲಜನಕದ ಅಣುವೂ 0.36ರ ಸಾರಜನಕದ ಅಣುವೂ ಅದರಲ್ಲಿ ಸಲೀಸಾಗಿ ಹಾಯುತ್ತವೆ. ಆದ್ದರಿಂದ ಈ ಜೋಡಿಯಿಂದ ಪೊರೆಯ ಗುಣವನ್ನು ಅಳೆಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಸಾರಜನಕವನ್ನು ದೊಡ್ಡ ಅಣುವಿನ ಸಲ್ಫರ್ ಹೆಕ್ಸಾಫ್ಲೋರೈಡ್‌ನೊಂದಿಗೆ ಹೋಲಿಸಿ ನೋಡಿ: ನುಡ್ಸನ್ ಅನುಪಾತ ಅಲ್ಲಿ ಸುಮಾರು 2.3 ಮಾತ್ರ, ಒಳ್ಳೆಯ ಪೊರೆಯಾದರೆ ಹತ್ತಾರು ಪಟ್ಟು ಅಂತರ ಕಾಣಬೇಕು.

ದೋಷ ನಿಜಕ್ಕೂ ಇದ್ದರೆ ಅದು ಯಾವ ಹಂತದ್ದೆಂದು ಪತ್ತೆ ಹಚ್ಚಲು ಸರಳ ಉಪಾಯವಿದೆ. ಪೊರೆ ಬೆಳೆಸುವ ಬಿಗಿಮುಚ್ಚಳದ ಒತ್ತಡಪಾತ್ರೆಯಾದ ಆಟೋಕ್ಲೇವ್‌ನಿಂದ ತೆಗೆದ ಪೊರೆಯ ರಂಧ್ರಗಳಲ್ಲಿ, ಹರಳು ರೂಪುಗೊಳ್ಳುವಾಗ ಅಚ್ಚಿನಂತೆ ಕೆಲಸ ಮಾಡುವ ಟೆಂಪ್ಲೇಟ್ ಅಣುಗಳು ತುಂಬಿಕೊಂಡಿರುವುದರಿಂದ, ತೊಳೆದು ಒಣಗಿಸಿದ ಮೇಲೆ ಅದು ಸಾರಜನಕವನ್ನು ಬಿಡಲೇಬಾರದು. ಈ ಪರೀಕ್ಷೆ ಮಾಡದೆ ನಾನು ಯಾವ ಬಿಲ್ಲೆಯನ್ನೂ ಟೆಂಪ್ಲೇಟ್ ಸುಡಲು ಕುಲುಮೆಗೆ ಇಡುವುದಿಲ್ಲ. ಆಗಲೇ ಸೋರಿದರೆ ಪೊರೆ ಬೆಳೆಯಲು ಬಿಲ್ಲೆಗೆ ಮೊದಲೇ ಹಚ್ಚುವ ಬೀಜಹರಳುಗಳ ಲೇಪನ ಅಲ್ಲಲ್ಲಿ ತಪ್ಪಿದೆ ಎಂದೇ ಮೊದಲು ಶಂಕಿಸಬೇಕು. ತೊಳೆದು ಮತ್ತೊಮ್ಮೆ ದ್ರಾವಣದಲ್ಲಿ ಬೆಳೆಸಿದರೆ ಸಂದುಗಳು ಮುಚ್ಚಬಹುದು, ಆದರೆ ಪೊರೆ ದಪ್ಪವಾಗಿ ಹರಿವು ಕುಗ್ಗುತ್ತದೆ. ಬೀಜ ಹಚ್ಚಿದ ಮುಖವನ್ನು ಕೆಳಮುಖವಾಗಿ ಅಥವಾ ನೆಟ್ಟಗೆ ನಿಲ್ಲಿಸಿರಿ, ಇಲ್ಲವಾದರೆ ದ್ರಾವಣದಲ್ಲಿ ಹುಟ್ಟಿದ ಹರಳುಗಳು ಅದರ ಮೇಲೆ ಕೂರುತ್ತವೆ.

ಕುಲುಮೆಗೆ ಹೋಗುವ ಮುನ್ನ ಬಿಗಿಯಾಗಿದ್ದು ಆಮೇಲೆ ಸೋರುವ ಪೊರೆಯ ಕಥೆ ಬೇರೆ. ಟೆಂಪ್ಲೇಟ್ ಸುಟ್ಟುಹೋಗುವಾಗ ಜಿಯೋಲೈಟ್ ಜಾಲಕ ಕುಗ್ಗುತ್ತದೆ, ಅದೇ ಹೊತ್ತಿಗೆ ಬಿಸಿಯೇರಿದ ಅಲ್ಯುಮಿನಾ ಹಿಗ್ಗುತ್ತಿರುತ್ತದೆ. ಒಂದಕ್ಕೊಂದು ಬೆಸೆದುಕೊಂಡ ಇವೆರಡರ ಎಳೆದಾಟದಲ್ಲಿ ಸೀಳುವುದು ಪೊರೆಯೇ, ಅದರಲ್ಲೂ ದಪ್ಪನೆಯ ಪೊರೆ. 450-500 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ನಿಮಿಷಕ್ಕೆ 0.5ರಿಂದ 1 ಡಿಗ್ರಿಯಂತೆ ಏರಿಸಿ, ತಣಿಸುವಾಗಲೂ ಅದೇ ನಿಧಾನವನ್ನು ಪಾಲಿಸಿರಿ. ಸೌಲಭ್ಯವಿದ್ದರೆ 200 ಡಿಗ್ರಿಯ ಸುಮಾರಿಗೆ ಓಝೋನ್ ಹಾಯಿಸಿ ಟೆಂಪ್ಲೇಟ್ ತೆಗೆಯುವುದು ಇನ್ನೂ ಸುರಕ್ಷಿತ.

ನಿಮ್ಮ ಅಂತಿಮ ಗುರಿ ಇಂಗಾಲದ ಡೈಆಕ್ಸೈಡನ್ನು ಮೀಥೇನ್‌ನಿಂದ ಬೇರ್ಪಡಿಸುವುದಾಗಿದ್ದರೆ ಸಿಲಿಕಲೈಟನ್ನೇ ತಿದ್ದುತ್ತ ಕೂರುವ ಬದಲು 0.38 ನ್ಯಾನೋಮೀಟರ್ ರಂಧ್ರದ ಸ್ಯಾಪೊ-34 ಎಂಬ ಜಿಯೋಲೈಟ್ ಮಾದರಿಯ ವಸ್ತುವಿಗೆ ಬದಲಾಗುವುದು ಲೇಸು; ಅದು ತೇವಾಂಶವನ್ನು ಬೇಗ ಹೀರಿಕೊಳ್ಳುವುದರಿಂದ ಅನಿಲವನ್ನು ಮೊದಲು ಒಣಗಿಸಿಯೇ ಒಳಬಿಡಬೇಕಾಗುತ್ತದೆ.