ಬಿಜಾಪುರದ ಕಥೆಯಲ್ಲಿ ಈ ಮಂಜು ಎಲ್ಲಿಂದ ಬಂತು?

ತಂಗಿ,

ನಿನ್ನ ಕಥೆ ಓದಿದೆ. 1686ರ ಬಿಜಾಪುರ, ಕೋಟೆಯ ಹೊರಗೆ ಔರಂಗಜೇಬನ ಸೈನ್ಯ, ಕಾಣೆಯಾದ ಅಣ್ಣನನ್ನು ಹುಡುಕುತ್ತ ರಾತ್ರಿ ಗೋಲಗುಮ್ಮಟ ಹೊಕ್ಕುವ ಹದಿನೈದರ ಹುಡುಗಿ. ಹೈಸ್ಕೂಲು, ಪಿಯುಸಿ ಮಕ್ಕಳಿಗಾಗಿ ಇಂಥ ಕಥೆ ಬರೆಯಲು ಹೊರಟಿದ್ದೀಯಲ್ಲ, ಸಂತೋಷ. ಭಾಷೆ ಸರಾಗ, ಹುಡುಗಿ ಗಟ್ಟಿಗಿತ್ತಿ. ಆದರೆ ಎರಡನೇ ಅಧ್ಯಾಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲ ಸಾಲೇ ನೋಡು: ‘ದಟ್ಟ ಮಂಜಿನಲ್ಲಿ ತೋಳಗಳು ಊಳಿಟ್ಟವು.’ ತೋಳ ಇರಲಿ, ನಮ್ಮ ಕಡೆ ಕುರಿ ಕಾಯುವವರಿಗೆ ತೋಳದ ಕಾಟ ಹೊಸದಲ್ಲ. ಆದರೆ ಆ ಮಂಜು ಯಾವ ದೇಶದ್ದು? ವರ್ಷಕ್ಕೂ ಮಿಕ್ಕಿ ಮುತ್ತಿಗೆ ಬಿದ್ದ ಊರು ಅದು, ಕಾಳು ಮುಗಿದಿದೆ, ದನಕ್ಕೆ ಮೇವಿಲ್ಲ, ಬಿಸಿಲಿಗೆ ಕಾದ ಕಲ್ಲು ರಾತ್ರಿಯಾದರೂ ಆರಿಲ್ಲ. ಇಷ್ಟೆಲ್ಲ ಕೈಯಲ್ಲಿದ್ದೂ ಹೆದರಿಸೋಕೆ ನಿನಗೆ ಮಂಜು ಬೇಕಾಯಿತಾ? ಇನ್ನೊಂದು, ಆಗ ಸಿಂಹಾಸನದ ಮೇಲಿದ್ದ ಸಿಕಂದರ್ ಆದಿಲ್‌ಶಾಹನಿಗೂ ಹದಿನೆಂಟರ ಆಸುಪಾಸು. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಪಟ್ಟಕ್ಕೆ ಕೂತವನು. ನಿನ್ನ ಓದುಗರ ವಯಸ್ಸಿನವನು, ಅವನ ಸುದ್ದಿಯೇ ಇಲ್ಲ!

ಮುಂದಿನ ಸಾಲು: ‘ಅವಳು ಕಡ್ಡಿ ಗೀರಿದಳು.’ ಕಡ್ಡಿಪೆಟ್ಟಿಗೆ ಬರಲು ಇನ್ನೂ ನೂರಾ ನಲವತ್ತು ವರ್ಷ ಇದೆ ತಂಗಿ. ಅವಳ ಕೈಗೆ ಚಕಮಕಿ ಕಲ್ಲು ಕೊಡು. ಕಿಡಿ ಹಾರಬೇಕು, ಅರಳೆಗೆ ಹತ್ತಬೇಕು, ಊದಬೇಕು, ಅಷ್ಟು ಹೊತ್ತು ಅವಳು ಕತ್ತಲಲ್ಲೇ ಕೂತಿರಬೇಕು, ಸದ್ದು ಬೇರೆ ಆಗುತ್ತದೆ. ನೀನು ಒಂದು ಕಡ್ಡಿ ಗೀರಿ ಅಷ್ಟೂ ಭಯವನ್ನು ಸುಮ್ನೆ ಕಳೆದುಬಿಟ್ಟೆ.

ನಾನು ಈ ಕೆಲಸ ಕಲಿತದ್ದು ವಿಜಯಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ, ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ. ನನ್ನ ಕೆಲಸ ಕರಡು ತಿದ್ದುವುದು. ಅಲ್ಲಿದ್ದ ಹಿರಿಯರೊಬ್ಬರು ಯಾವ ಕಥೆ ಬಂದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಇದನ್ನ ಎಲ್ಲಿ ನೋಡ್ಯಾನಂತ?’ ಅನ್ನುತ್ತಿದ್ದರು. ಒಮ್ಮೆ ನನ್ನನ್ನು ಮಧ್ಯಾಹ್ನದ ಬಿಸಿಲಲ್ಲಿ ಗುಮ್ಮಟಕ್ಕೆ ಕಳಿಸಿ, ಕಿವಿಗೆ ಬಿದ್ದದ್ದನ್ನು ಮಾತ್ರ ಬರಕೊಂಡು ಬಾ ಎಂದರು. ಪಾರಿವಾಳದ ರೆಕ್ಕೆ, ಯಾರದೋ ಚಪ್ಪಲಿ ಸದ್ದು, ಒಂದು ಮಗುವಿನ ಕೂಗು ಮತ್ತೆ ಮತ್ತೆ ತಿರುಗಿ ಬಂದದ್ದು. ಬರೆದದ್ದನ್ನು ಓದಿ ಅವರು ಏನೂ ಹೇಳಲಿಲ್ಲ, ಮರುದಿನದಿಂದ ಕಥೆಗಳನ್ನು ನನಗೂ ಓದೋಕೆ ಕೊಡತೊಡಗಿದರು. ನಿನ್ನ ಅಧ್ಯಾಯ ಓದುವಾಗ ಆ ಬೆರಳು ನೆನಪಾಯಿತು.

ಯಾಕಂದರೆ ನಿನ್ನ ರಹಸ್ಯವೆಲ್ಲ ನಿಂತಿರುವುದು ಅದೇ ಗುಮ್ಮಟದ ಮೇಲೆ. ಹುಡುಗಿ ಕೆಳಗೆ ನೆಲದ ಮೇಲೆ ನಿಂತು ಪಿಸುಮಾತು ಕೇಳಿಸಿಕೊಳ್ಳುತ್ತಾಳೆ. ಅಲ್ಲ. ಪಿಸುಗುಡುವ ಗ್ಯಾಲರಿ ಇರುವುದು ಮೇಲೆ, ಗುಮ್ಮಟದ ಒಳಸುತ್ತಿನಲ್ಲಿ. ಮೂಲೆಯ ಏಳು ಅಂತಸ್ತಿನ ಗೋಪುರದ ಕಿರಿದಾದ ಮೆಟ್ಟಿಲು ಹತ್ತಬೇಕು. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ದನಿ ಬಾಗಿದ ಗೋಡೆಗುಂಟ ಸಾಗಿ, ಸುಮಾರು 37 ಮೀಟರ್ ಆಚೆ, ಎದುರು ಬದಿಯಲ್ಲಿ ಕಿವಿಯ ಹತ್ತಿರವೇ ಕೇಳಿಸುತ್ತದೆ. ಯೋಚಿಸು: ಮಾತಾಡಿದವನು ಪಕ್ಕದಲ್ಲೇ ಇದ್ದಾನೆಂದು ಅವಳು ಬೆಚ್ಚುತ್ತಾಳೆ, ಅವನು ಆ ಕಡೆ ಇದ್ದಾನೆ, ಅವಳ ಉಸಿರೂ ಅವನಿಗೆ ಕೇಳಿಸಬಹುದು. ಇದು ಹೊಳೆದಾಗ ನನಗೇ ಮೈ ಜುಮ್ ಎಂದಿತು!

ಕೊನೆಗೆ, ‘ಮೊಹಮ್ಮದ್ ಆದಿಲ್‌ಶಾಹನ ಗೋರಿಯ ಕಲ್ಲು ಸರಿಸಿದಾಗ ಅಸ್ಥಿಪಂಜರ ಕಂಡಿತು.’ ಮರದ ಮಂಟಪದಡಿ ಕಾಣುವುದು ಬರೀ ಗುರುತಿನ ಗೋರಿ. 1656ರಲ್ಲಿ ತೀರಿಕೊಂಡ ಆ ಸುಲ್ತಾನನ ನಿಜವಾದ ಸಮಾಧಿ ಅದರ ಕೆಳಗೆ, ನೆಲಮಾಳಿಗೆಯಲ್ಲಿದೆ. ಹಾಗಾಗಿ ಮೇಲಿನ ಕಲ್ಲಿನಡಿ ಅವಳಿಗೆ ಏನೂ ಸಿಗಬಾರದು. ಯಾಕೆ ಸಿಗಲಿಲ್ಲ ಎಂದು ಅವಳೇ ತಲೆ ಓಡಿಸಿ ಕೆಳಗಿನ ದಾರಿ ಹುಡುಕಲಿ. ಸುಲ್ತಾನನ ದೆವ್ವ ಬಂದು ದಾರಿ ತೋರಿಸುವ ಆ ಇಡೀ ಪುಟ ತೆಗೆದುಬಿಡು.

ಉಳಿದ ಅಧ್ಯಾಯಗಳ ಮಾತು ಆಮೇಲೆ. ಒಂದು ಸಲ ಗುಮ್ಮಟಕ್ಕೆ ಹೋಗಿ, ಸಾಧ್ಯವಾದಷ್ಟು ಹೊತ್ತು ಇದ್ದು ಬಾ. ಎರಡನೆಯದನ್ನು ಹೊಸದಾಗಿ ಬರೆದು ಕಳಿಸು, ಬಂದ ದಿನವೇ ಓದುತ್ತೇನೆ.