ಕ್ಷೇತ್ರದ ಮತಪತ್ರದಲ್ಲಿ ಸಾರ್ವಜನಿಕ ಪ್ರಶ್ನೆ ಇಡಿಸುವುದು: ಮ್ಯಾಸಚೂಸೆಟ್ಸ್‌ನ ರೀತಿ

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. ಮ್ಯಾಸಚೂಸೆಟ್ಸ್‌ನಲ್ಲಿ ಈಚೆಗೆ ಪೌರತ್ವ ಪಡೆದು ಮತದಾರರಾಗಿರುವ ನೀವು, ಪ್ರಾದೇಶಿಕ ಬಸ್ಸುಗಳು ಭಾನುವಾರವೂ ಓಡಬೇಕೆಂಬ ಬೇಡಿಕೆಯನ್ನು ನವೆಂಬರ್ ಚುನಾವಣೆಯ ಮತಪತ್ರದಲ್ಲಿ ಒಂದು ಪ್ರಶ್ನೆಯಾಗಿ ಇಡಿಸಲು ಸಾಧ್ಯವೇ ಎಂಬುದು ಮೊದಲನೆಯದು. ಗೆದ್ದರೂ ಶಾಸಕರು ಅದನ್ನು ಪಾಲಿಸಲೇಬೇಕೆಂಬ ಕಟ್ಟಳೆ ಇಲ್ಲದಿದ್ದರೆ ಅಷ್ಟೆಲ್ಲ ಓಡಾಟ ಯಾತಕ್ಕೆ ಎಂಬುದು ಎರಡನೆಯದು. ನಾನು ಈ ರಾಜ್ಯದ ಪಶ್ಚಿಮ ಭಾಗದಲ್ಲಿ ನೆಲೆಸಿದವನು. ಇಂಥ ಪ್ರಶ್ನೆಗಳಿಗೆ ಸಹಿ ಸಂಗ್ರಹಿಸುವ, ಮನೆಮನೆಗೆ ಹೋಗಿ ಮಾತನಾಡುವ ಕೆಲಸವನ್ನು ಸ್ವಯಂಸೇವಕನಾಗಿ ಮಾಡಿದ್ದೇನೆ, ವಕೀಲನಲ್ಲ. ಮೊದಲನೆಯದಕ್ಕೆ ಉತ್ತರ ಸರಳ: ಸಾಧ್ಯವಿದೆ, ಬಹುಶಃ ನೀವು ಊಹಿಸಿರುವುದಕ್ಕಿಂತ ಸುಲಭವಾಗಿ. ಎರಡನೆಯದಕ್ಕೆ ಉತ್ತರವು, ಪ್ರಶ್ನೆ ಮತಪತ್ರಕ್ಕೆ ಏರಿದ ಮೇಲೆ ನೀವು ಏನು ಮಾಡುತ್ತೀರಿ ಎಂಬುದನ್ನು ಅವಲಂಬಿಸಿದೆ.

ಈ ವ್ಯವಸ್ಥೆಯ ಬೇರು ಬಹಳ ಹಳೆಯದು. ಜಾನ್ ಆಡಮ್ಸ್ ಕರಡು ರೂಪಿಸಿದ 1780ರ ರಾಜ್ಯ ಸಂವಿಧಾನದ ಹಕ್ಕುಗಳ ಘೋಷಣೆಯಲ್ಲಿ 19ನೇ ವಿಧಿಯು, ಜನರು ಶಾಂತಿಯುತವಾಗಿ ಸೇರಿ ಸಮಾಲೋಚಿಸುವ ಮತ್ತು ತಮ್ಮ ಪ್ರತಿನಿಧಿಗಳಿಗೆ ನಿರ್ದೇಶನ ಕೊಡುವ ಹಕ್ಕನ್ನು ಸಾರುತ್ತದೆ. ಆ ಹಕ್ಕನ್ನು ಚಲಾಯಿಸುವ ಒಂದು ದಾರಿಯನ್ನು ರಾಜ್ಯದ ಸಾಮಾನ್ಯ ಕಾಯ್ದೆಗಳ 53ನೇ ಅಧ್ಯಾಯ ತೋರಿಸುತ್ತದೆ. ಪ್ರತಿನಿಧಿ ಸಭೆಯ ಒಂದು ಕ್ಷೇತ್ರದಲ್ಲಿ 200 ಮತದಾರರು, ಅಥವಾ ಸೆನೆಟ್‌ನ ಒಂದು ಕ್ಷೇತ್ರದಲ್ಲಿ 1,200 ಮತದಾರರು ಸಹಿ ಹಾಕಿ ಅರ್ಜಿ ಕೊಟ್ಟರೆ, ‘ಈ ಕ್ಷೇತ್ರದ ಪ್ರತಿನಿಧಿಯು ಇಂಥ ಮಸೂದೆಯ ಪರವಾಗಿ ಮತ ಹಾಕಬೇಕೆಂದು ಅವರಿಗೆ ನಿರ್ದೇಶನ ನೀಡಬೇಕೇ?’ ಎಂಬ ಧಾಟಿಯ ಪ್ರಶ್ನೆಯನ್ನು ಆ ಕ್ಷೇತ್ರದ ಮತಪತ್ರದಲ್ಲಿ ಮುದ್ರಿಸಬೇಕು. ರಾಜ್ಯದಲ್ಲಿ ಪ್ರತಿನಿಧಿ ಸಭೆಯ ಕ್ಷೇತ್ರಗಳು 160, ಸೆನೆಟ್ ಕ್ಷೇತ್ರಗಳು 40. ಪ್ರತಿನಿಧಿ ಸಭೆಯ ಒಂದು ಕ್ಷೇತ್ರದಲ್ಲಿ ಸುಮಾರು 44,000 ಜನರಿದ್ದಾರೆ. ಅಷ್ಟು ಜನರಲ್ಲಿ 200 ಸಹಿ ಎಂದರೆ ನಮ್ಮ ಕಡೆಯ ಮದುವೆಯೂಟದ ಎರಡು ಪಂಕ್ತಿ. ರಾಜ್ಯಮಟ್ಟದಲ್ಲಿ ಕಾನೂನನ್ನೇ ಮಾಡುವ ಜನಮತದ ಅರ್ಜಿಗೆ ಹತ್ತಾರು ಸಾವಿರ ಸಹಿಗಳು ಬೇಕು. ಅದು ಬೇರೆ ವ್ಯವಹಾರ, ಅದನ್ನು ಇದರೊಡನೆ ಬೆರೆಸಿಕೊಳ್ಳಬೇಡಿ.

ಪ್ರಶ್ನೆಯ ವಿಷಯದಲ್ಲಿ ಒಂದು ತಡೆ ಇದೆ. ಅದು ಸಾರ್ವಜನಿಕ ನೀತಿಯ ಪ್ರಶ್ನೆ ಹೌದೋ ಅಲ್ಲವೋ ಎಂಬುದನ್ನು ರಾಜ್ಯದ ಅಟಾರ್ನಿ ಜನರಲ್ ತೀರ್ಮಾನಿಸುತ್ತಾರೆ, ಬಳಿಕ ಅವರೂ ರಾಜ್ಯ ಕಾರ್ಯದರ್ಶಿಯೂ ಸೇರಿ ಮತಪತ್ರಕ್ಕೆ ಒಗ್ಗುವ ಸರಳ ರೂಪಕ್ಕೆ ಅದನ್ನು ತರುತ್ತಾರೆ. ರಾಜ್ಯದ ಎಲ್ಲ ನಾಗರಿಕರಿಗೂ ಆಸಕ್ತಿ ಇರಬಹುದಾದ, ಶಾಸನಸಭೆಯ ಅಧಿಕಾರದೊಳಗಿನ ಮಹತ್ವದ ವಿಷಯವಾಗಿರಬೇಕು ಎಂಬುದು ಅವರು ಬಳಸುವ ಅಳತೆ. ಆದ್ದರಿಂದ ನಿಮ್ಮ ಬೀದಿಯ ತಿರುವಿನಲ್ಲಿ ಬಸ್ ನಿಲ್ಲಬೇಕು ಎಂಬ ಪ್ರಶ್ನೆ ದಾಟುವುದಿಲ್ಲ; ರಾಜ್ಯದ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳೆಲ್ಲವೂ ಭಾನುವಾರ ಬಸ್ ಓಡಿಸುವುದಕ್ಕೆ ಬೇಕಾದ ಹಣವನ್ನು ಒದಗಿಸುವ ಶಾಸನಕ್ಕೆ ನಿಮ್ಮ ಪ್ರತಿನಿಧಿ ಮತ ಹಾಕಬೇಕು ಎಂಬ ಪ್ರಶ್ನೆಗೆ ದಾಟುವ ಅವಕಾಶ ಚೆನ್ನಾಗಿದೆ. ಬೀದಿಯ ಮಟ್ಟದ ಬೇಡಿಕೆಗೆ ನಿಮ್ಮ ಊರಿನ ವಾರ್ಷಿಕ ಟೌನ್ ಮೀಟಿಂಗ್, ಅಂದರೆ ಊರಿನ ವಿಷಯಗಳನ್ನು ಮತದಾರರು ಸೇರಿ ತೀರ್ಮಾನಿಸುವ ಸಭೆ, ತಕ್ಕ ಜಾಗ. ಅದರ ಕಾರ್ಯಸೂಚಿಗೆ ಒಂದು ವಿಷಯ ಸೇರಿಸಲು 10 ಮತದಾರರ ಸಹಿ ಸಾಕು. ಇನ್ನೆರಡು ನಿಯಮಗಳನ್ನೂ ತಿಳಿದಿರಿ. ಒಂದು ಚುನಾವಣೆಯಲ್ಲಿ ಇಂಥ ಪ್ರಶ್ನೆಗಳು ಮೂರಕ್ಕಿಂತ ಹೆಚ್ಚು ಬರುವಂತಿಲ್ಲ, ಅರ್ಜಿ ಸಲ್ಲಿಸಿದ ಸರದಿಯಲ್ಲೇ ಅವು ಸೇರುತ್ತವೆ. ಒಮ್ಮೆ ಸೋತ ಪ್ರಶ್ನೆಯನ್ನು ಮೂರು ವರ್ಷ ಮತ್ತೆ ತರುವಂತಿಲ್ಲ. ಹೀಗಾಗಿ ಆತುರಪಟ್ಟು ಅರೆಬರೆ ವಾಕ್ಯದೊಡನೆ ಸೋಲುವುದಕ್ಕಿಂತ, ಮುಂದಿನ ಸಮಸಂಖ್ಯೆಯ ವರ್ಷದ ಚುನಾವಣೆಗೆ ಕಾಯುವುದು ಮೇಲು.

ಸಹಿಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪ್ರಯತ್ನಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಒಂದು ಹಾಳೆಯಲ್ಲಿ ಒಂದೇ ಊರಿನ ಮತದಾರರ ಸಹಿಗಳಿರಬೇಕು, ಏಕೆಂದರೆ ಆ ಹಾಳೆಯನ್ನು ಪರಿಶೀಲಿಸುವವರು ಆ ಊರಿನ ಟೌನ್ ಕ್ಲರ್ಕ್ ಕಚೇರಿಯವರು. ಅವರು ಮತದಾರರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಾಲಿನ ಎದುರೂ ಒಂದು ಗುರುತು ಹಾಕುತ್ತಾರೆ. ಸರಿ ಇದ್ದರೆ ರೈಟ್ ಗುರುತು. ಆ ವಿಳಾಸದಲ್ಲಿ ಆ ಹೆಸರಿನ ಮತದಾರರಿಲ್ಲದಿದ್ದರೆ ‘ಎನ್’. ಸಹಿಯೋ ವಿಳಾಸವೋ ಓದಲಾಗದೆ ಯಾರೆಂದು ಗುರುತಿಸಲು ಬಾರದಿದ್ದರೆ ‘ಎಸ್’. ಬೇರೆ ಕ್ಷೇತ್ರದವರಾದರೆ ‘ಡಬ್ಲ್ಯೂ’. ಈಗಾಗಲೇ ಸಹಿ ಹಾಕಿದವರಾದರೆ ‘ಟಿ’. ರೈತರ ಸಂತೆಯಲ್ಲಿಯೋ ಗ್ರಂಥಾಲಯದ ಎದುರಿನಲ್ಲಿಯೋ ನಿಂತು ತುಂಬಿಸಿದ ಹಾಳೆ ವಾಪಸು ಬಂದಾಗ ಅದರ ಅಂಚಿನಲ್ಲಿ ‘ಎನ್’ಗಳ ಸಾಲೇ ಇರುತ್ತದೆ. ಮನೆ ಬದಲಿಸಿ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸದವರು ಈ ನಾಡಿನಲ್ಲಿ ಅಷ್ಟು ಮಂದಿ. ಆದ್ದರಿಂದ 200 ಬೇಕಾದರೆ 300 ಸಂಗ್ರಹಿಸಿ. ಮತದಾರರ ಪಟ್ಟಿಯ ಪ್ರತಿ ಹಿಡಿದು ಮನೆ ಬಾಗಿಲಿಗೇ ಹೋದರೆ ಇನ್ನೂ ಉತ್ತಮ. ನಿಧಾನವಾದರೂ ಸಹಿ ವ್ಯರ್ಥವಾಗುವುದು ಕಡಿಮೆ, ಜೊತೆಗೆ ಅದೇ ಮನೆಗೆ ಅಕ್ಟೋಬರ್‌ನಲ್ಲಿ ಮತ್ತೆ ಹೋಗಲು ಒಂದು ಪರಿಚಯವೂ ಆಗಿರುತ್ತದೆ.

ನಮ್ಮವರ ಬಗ್ಗೆ ಪ್ರತ್ಯೇಕವಾಗಿ ಎರಡು ಮಾತು. ಊರ ಹೆಸರು, ತಂದೆಯ ಹೆಸರುಗಳ ಇನಿಷಿಯಲ್ ಹಾಕಿ ಬರೆಯುವ ರೂಢಿ ನಮ್ಮದು. ಪಾಸ್‌ಪೋರ್ಟಿನ ಮೂಲಕ ಮತದಾರರ ಪಟ್ಟಿಗೆ ಹೋದ ಹೆಸರು ಇನ್ನೊಂದು ಕ್ರಮದಲ್ಲಿರುತ್ತದೆ. ಪಟ್ಟಿಯಲ್ಲಿ ಇರುವಂತೆಯೇ ಬರೆಯಿರಿ ಎಂದು ಮೊದಲೇ ಹೇಳಿಬಿಡಿ. ಇದಕ್ಕಿಂತ ಮುಖ್ಯವಾದದ್ದು, ಪೌರತ್ವ ಇಲ್ಲದವರಿಂದ ದಾಕ್ಷಿಣ್ಯಕ್ಕೂ ಸಹಿ ಪಡೆಯಬಾರದು. ಎಚ್-1ಬಿ ವೀಸಾದವರಾಗಲಿ ಗ್ರೀನ್ ಕಾರ್ಡಿನವರಾಗಲಿ ಮತದಾರರೆಂದು ಸಹಿ ಹಾಕಿದರೆ ನಿಮ್ಮ ಹಾಳೆಯಲ್ಲಿ ಒಂದು ‘ಎನ್’ ಬೀಳುತ್ತದೆ ಅಷ್ಟೆ. ಆದರೆ ಪೌರತ್ವವಿದೆಯೆಂದು ಸುಳ್ಳು ಹೇಳಿದಂತಾದರೆ ಅವರು ಈ ದೇಶದಲ್ಲಿ ಉಳಿಯುವುದಕ್ಕೇ ಕುತ್ತು ಬರಬಹುದು. ಅವರು ಕರಪತ್ರ ಹಂಚಲಿ, ಚಹಾ ಮಾಡಿಕೊಡಲಿ, ನಿಮ್ಮ ಜೊತೆ ಬಾಗಿಲು ತಟ್ಟಲಿ; ಸಹಿ ಮಾತ್ರ ಬೇಡ. ಹಣ ಕೊಡುವ ಮಾತು ಬಂದರೆ ರಾಜ್ಯದ ಪ್ರಚಾರ ಹಣಕಾಸು ಕಚೇರಿಯನ್ನು ಕೇಳಿಯೇ ಮುಂದುವರಿಯಿರಿ.

ಪರಿಶೀಲನೆಯಾದ ಹಾಳೆಗಳನ್ನು ಚುನಾವಣಾ ವರ್ಷದ ಆಗಸ್ಟ್ ತಿಂಗಳ ಮೊದಲ ಬುಧವಾರದೊಳಗೆ ಬಾಸ್ಟನ್ನಿನಲ್ಲಿ ರಾಜ್ಯ ಕಾರ್ಯದರ್ಶಿಗೆ ಸಲ್ಲಿಸಬೇಕು. ಟೌನ್ ಕ್ಲರ್ಕ್‌ಗೆ ಕೊಡುವ ಗಡುವು ಅದಕ್ಕೂ ವಾರಗಳ ಮುಂಚೆ ಬರುತ್ತದೆ. ಆಯಾ ವರ್ಷದ ದಿನಾಂಕವನ್ನು ಚುನಾವಣಾ ವಿಭಾಗದ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ.

ಇನ್ನು ನಿಮ್ಮ ಎರಡನೆಯ ಸಂದೇಹ. ಇದಕ್ಕೆ ತರ್ಕಕ್ಕಿಂತ ಒಂದು ಇತಿಹಾಸವೇ ಒಳ್ಳೆಯ ಉತ್ತರ. 1980ರ ಬೇಸಿಗೆಯಲ್ಲಿ ನಮ್ಮ ಈ ಪಶ್ಚಿಮ ಮ್ಯಾಸಚೂಸೆಟ್ಸ್‌ನಲ್ಲಿ, ಡೀರ್‌ಫೀಲ್ಡ್‌ನ ಟ್ರಾಪ್‌ರಾಕ್ ಶಾಂತಿ ಕೇಂದ್ರದ ರ‍್ಯಾಂಡಿ ಕೆಹ್ಲರ್, ನಾರ್ತ್‌ಹ್ಯಾಂಪ್ಟನ್ನಿನ ಫ್ರಾನ್ಸಿಸ್ ಕ್ರೋ ಮತ್ತು ಅವರ ಜೊತೆಗಾರರು ಮೂರು ಸೆನೆಟ್ ಕ್ಷೇತ್ರಗಳಲ್ಲಿ ಸಹಿ ಸಂಗ್ರಹಿಸಿ ಇದೇ ಬಗೆಯ ಪ್ರಶ್ನೆಯೊಂದನ್ನು ಮತಪತ್ರಕ್ಕೆ ತಂದರು. ಅಮೆರಿಕವೂ ಸೋವಿಯತ್ ಒಕ್ಕೂಟವೂ ಅಣ್ವಸ್ತ್ರಗಳ ಪರೀಕ್ಷೆ, ತಯಾರಿಕೆ, ನಿಯೋಜನೆಗಳನ್ನು ಪರಸ್ಪರ ಒಪ್ಪಿ ಒಟ್ಟಿಗೆ ನಿಲ್ಲಿಸುವ ಪ್ರಸ್ತಾವವನ್ನು ಅಧ್ಯಕ್ಷರು ಮುಂದಿಡಬೇಕೆಂದು ಕೋರುವ ನಿರ್ಣಯವನ್ನು ನಿಮ್ಮ ರಾಜ್ಯ ಸೆನೆಟರ್ ಮಂಡಿಸಬೇಕೇ ಎಂಬುದು ಅದರ ತಾತ್ಪರ್ಯ. (ಇದೇ ಕೆಹ್ಲರ್ ವಿಯೆಟ್ನಾಂ ಯುದ್ಧಕಾಲದ ಕಡ್ಡಾಯ ಸೈನ್ಯಸೇವೆಯನ್ನು ನಿರಾಕರಿಸಿ ಜೈಲಿಗೆ ಹೋದವರು. 1969ರಲ್ಲಿ ಹಾವರ್‌ಫರ್ಡ್ ಕಾಲೇಜಿನಲ್ಲಿ ಅವರ ಮಾತು ಕೇಳಿದ್ದೇ ವಿಯೆಟ್ನಾಂ ಯುದ್ಧದ ಬಗೆಗಿನ ಗುಪ್ತ ಸರ್ಕಾರಿ ಕಡತಗಳಾದ ಪೆಂಟಗನ್ ದಾಖಲೆಗಳನ್ನು ಬಯಲಿಗೆಳೆಯಲು ತನ್ನನ್ನು ಹುರಿದುಂಬಿಸಿತೆಂದು ಡೇನಿಯಲ್ ಎಲ್ಸ್‌ಬರ್ಗ್ ಹೇಳಿಕೊಂಡಿದ್ದಾರೆ.) ಒಬ್ಬ ರಾಜ್ಯ ಸೆನೆಟರ್‌ಗೂ ಮಾಸ್ಕೋದ ಕ್ಷಿಪಣಿಗಳಿಗೂ ಏನು ಸಂಬಂಧ ಎಂದು ನಕ್ಕವರು ಇದ್ದೇ ಇದ್ದರು.

ಫಲಿತಾಂಶ ಬಂದಾಗ ಪ್ರಶ್ನೆಗೆ 59 ಶೇಕಡಾ ಒಪ್ಪಿಗೆ ಸಿಕ್ಕಿತ್ತು, 62 ಊರುಗಳಲ್ಲಿ 59 ಊರುಗಳು ಅದನ್ನು ಗೆಲ್ಲಿಸಿದ್ದವು. ಅದೇ ದಿನ ಶಸ್ತ್ರಬಲವನ್ನು ಹೆಚ್ಚಿಸುವ ಮಾತಾಡುತ್ತಿದ್ದ ರೊನಾಲ್ಡ್ ರೇಗನ್ ಅಧ್ಯಕ್ಷರಾಗಿ ಆಯ್ಕೆಯಾದರು. ಆ 62ರಲ್ಲಿ ರೇಗನ್ ಗೆದ್ದ ಊರುಗಳು 33. ಅವುಗಳಲ್ಲಿಯೂ 30 ಊರುಗಳು ಈ ಪ್ರಶ್ನೆಗೆ ಹೌದು ಎಂದಿದ್ದವು. ಈ ಕೊನೆಯ ಅಂಕಿಯೇ ಇಡೀ ಪ್ರಯತ್ನದ ಫಸಲು ಎಂಬುದು ನನ್ನ ಎಣಿಕೆ. ರೇಗನ್‌ಗೆ ಮತ ಹಾಕಿದ ರೈತನೂ ಎರಡೂ ಕಡೆಯವರು ಒಟ್ಟಿಗೆ ನಿಲ್ಲಿಸುವುದಾದರೆ ಆಗಲಿ ಎನ್ನಬಲ್ಲ ಎಂಬುದನ್ನು ಯಾವ ಭಾಷಣವೂ ತೋರಿಸಲಾರದಷ್ಟು ಖಚಿತವಾಗಿ ಅದು ತೋರಿಸಿತು. ಮುಂದಿನ ಎರಡು ವರ್ಷಗಳಲ್ಲಿ ಚಳವಳಿ ದೇಶಕ್ಕೆಲ್ಲ ಹಬ್ಬಿತು: 1982ರ ಮಾರ್ಚ್‌ನಲ್ಲಿ ವರ್ಮಾಂಟಿನ ನೂರೈವತ್ತಕ್ಕೂ ಹೆಚ್ಚು ಟೌನ್ ಮೀಟಿಂಗ್‌ಗಳು ಅನುಮೋದಿಸಿದವು, ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳ ಮತದಾರರು ಒಪ್ಪಿದರು, ಅರಿಜೋನಾ ತಿರಸ್ಕರಿಸಿತು, 1983ರ ಮೇ ತಿಂಗಳಲ್ಲಿ ಅಮೆರಿಕದ ಪ್ರತಿನಿಧಿ ಸಭೆಯೇ ಒಂದು ನಿರ್ಣಯವನ್ನು ಅಂಗೀಕರಿಸಿತು. ಇಷ್ಟಾದರೂ ಕ್ಷಿಪಣಿಗಳ ತಯಾರಿಕೆ ನಿಲ್ಲಲಿಲ್ಲ ಎಂಬುದನ್ನೂ ಹೇಳದೆ ಇರಬಾರದು.

ನಿಮ್ಮ ಬಸ್ಸಿನ ಪ್ರಶ್ನೆಗೆ ಇದರಿಂದ ಒದಗುವ ಬುದ್ಧಿಯೆಂದರೆ, ನಿಮ್ಮ ಪ್ರತಿನಿಧಿ ಈಗಾಗಲೇ ಊಹಿಸಬಲ್ಲ ಬೆಂಬಲ ಅವರನ್ನು ಅಲುಗಿಸುವುದಿಲ್ಲ. ಕಾಲೇಜು ಇರುವ ಊರಿನಲ್ಲಿ 80 ಶೇಕಡಾ ಬಂದರೆ ಅವರು ಹೌದು ಹೌದು ಎಂದು ಮುಂದಕ್ಕೆ ಹೋಗುತ್ತಾರೆ. ಬಸ್ಸನ್ನೇ ಹತ್ತದ, ಮನೆಗೆ ಎರಡು ಕಾರಿರುವ ಬಡಾವಣೆಯ ಮತಗಟ್ಟೆಯಲ್ಲಿ 60 ಬಂದರೆ ಕುಳಿತು ಲೆಕ್ಕ ಹಾಕುತ್ತಾರೆ. ಆದ್ದರಿಂದ ಪ್ರಚಾರದ ಹೆಚ್ಚಿನ ಸಮಯವನ್ನು ಆ ಬಡಾವಣೆಗೇ ಕೊಡಿ, ಅಲ್ಲಿಯವರಿಗೆ ನಾಟುವ ಕಾರಣವನ್ನೇ ಹೇಳಿ. ಭಾನುವಾರ ಆಸ್ಪತ್ರೆಯ ಪಾಳಿಗೆ ಹೋಗಬೇಕಾದ ದಾದಿ, ಕಾರು ಓಡಿಸುವುದನ್ನು ಬಿಟ್ಟ ವಯಸ್ಸಾದ ತಾಯಿ, ಅಂಗಡಿಗೆ ಕೆಲಸಗಾರರು ಸಿಗುತ್ತಿಲ್ಲವೆನ್ನುವ ಮಾಲೀಕ, ಇವರ ಮಾತು ಅಲ್ಲಿ ನಡೆಯುತ್ತದೆ. ಹವಾಮಾನ ಬದಲಾವಣೆಯ ಮಾತು ಅಷ್ಟಾಗಿ ನಡೆಯುವುದಿಲ್ಲ.

ನಿಮ್ಮ ಎದುರಾಳಿ ಬಹುಪಾಲು ಮರೆವು. ಇಂಥ ಪ್ರಶ್ನೆ ಮತಪತ್ರದ ಕೊನೆಯಲ್ಲಿ, ಎಷ್ಟೋ ಸಲ ಹಿಂಬದಿಯಲ್ಲಿ ಇರುತ್ತದೆ. ರಾಜ್ಯಮಟ್ಟದ ಪ್ರಶ್ನೆಗಳಿಗೆ ಪರ-ವಿರೋಧ ವಾದಗಳನ್ನು ಅಚ್ಚುಹಾಕಿ ಮನೆಮನೆಗೆ ಕಳುಹಿಸುವ ಸರ್ಕಾರಿ ಕೈಪಿಡಿಯ ನೆರವು ಇದಕ್ಕಿಲ್ಲ. ಖಾಲಿ ಬಿಟ್ಟ ಮತಗಳನ್ನೂ ಇಲ್ಲಿ ಪ್ರತ್ಯೇಕವಾಗಿ ಎಣಿಸಿ ಪ್ರಕಟಿಸುತ್ತಾರೆ, ಆ ಸಂಖ್ಯೆ ದೊಡ್ಡದಾದರೆ ನಿಮ್ಮ ಗೆಲುವಿನ ತೂಕ ಇಳಿಯುತ್ತದೆ. ಹಾಗಾಗಿ ಕರಪತ್ರದ ಮೊದಲ ಸಾಲಿನಲ್ಲೇ, ಮತಪತ್ರವನ್ನು ತಿರುವಿ ನೋಡಿ ಎಂದು ಮುದ್ರಿಸಿ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಇದಕ್ಕಿಂತ ಕಠಿಣವಾದ ಲೆಕ್ಕವಿದೆ. ಊರಿನ ಮದ್ಯದಂಗಡಿ ಮುಚ್ಚಬೇಕೇ ಎಂಬ ಬಗ್ಗೆ ಅಲ್ಲಿಯ ಹೆಂಗಸರು ನಿಂತ ಬಾಟಲಿ (ಅಂಗಡಿ ಇರಲಿ), ಅಡ್ಡ ಬಾಟಲಿಯ (ಮುಚ್ಚಲಿ) ಚಿತ್ರಗಳಿಗೆ ಗುಪ್ತ ಮತ ಹಾಕುತ್ತಾರೆ. 2008ರ ಆದೇಶದ ಪ್ರಕಾರ ಪಟ್ಟಿಯಲ್ಲಿರುವ ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟಲಿಯನ್ನು ಆರಿಸಬೇಕು. ಮನೆಯಲ್ಲೇ ಉಳಿದವಳ ಮತವೂ ಅಂಗಡಿಯ ಪರವಾಗಿ ಹೋದಂತೆಯೇ. ಆದರೆ ಅಲ್ಲಿ ಗೆದ್ದರೆ ಅಂಗಡಿ ಮುಚ್ಚಲೇಬೇಕು.

ಹಣದ ನಿಯಮಗಳು ಕಷ್ಟದವಲ್ಲ, ಉದಾಸೀನ ಮಾಡಬೇಡಿ ಅಷ್ಟೆ. ಹಣ ಸಂಗ್ರಹಿಸಿ ಖರ್ಚು ಮಾಡುವುದಾದರೆ ಒಂದು ಸಮಿತಿಯನ್ನು ನೋಂದಾಯಿಸಿ, ಖಜಾಂಚಿಯನ್ನು ನೇಮಿಸಿ, ಲೆಕ್ಕ ಒಪ್ಪಿಸಬೇಕು. ಸಾರ್ವಜನಿಕ ಹಣವನ್ನು ಪ್ರಚಾರಕ್ಕೆ ಬಳಸುವಂತಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಬಾಸ್ಟನ್ ನಗರದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿದೆ; ಆದ್ದರಿಂದ ಉತ್ಸಾಹಿ ಶಿಕ್ಷಕಿಯೊಬ್ಬರು ನಿಮ್ಮ ಕರಪತ್ರವನ್ನು ಮಕ್ಕಳ ಚೀಲದಲ್ಲಿ ಮನೆಗೆ ಕಳುಹಿಸುತ್ತೇನೆ ಎಂದರೆ ವಂದಿಸಿ ಬೇಡವೆನ್ನಿ. ನಿಮ್ಮೂರಿನ ಕನ್ನಡ ಕೂಟವೋ ದೇವಸ್ಥಾನವೋ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆಯಾಗಿದ್ದರೆ ಅದು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ, ಆದರೆ ಇಂಥ ಪ್ರಶ್ನೆಯ ಪರವಾಗಿ ಮಿತಿಯೊಳಗೆ ಮಾತನಾಡಬಹುದು. ಮತದಾನದ ದಿನ ಮತಗಟ್ಟೆಯ ಬಾಗಿಲಿನಿಂದ 150 ಅಡಿಯೊಳಗೆ ಫಲಕ, ಕರಪತ್ರ, ಬಿಲ್ಲೆ ಯಾವುದೂ ಕೂಡದು.

ಗೆದ್ದ ಮೇಲಿನ ಕೆಲಸವನ್ನು ಬಹಳ ಮಂದಿ ಕೈಬಿಡುತ್ತಾರೆ. ಶಾಸನಸಭೆಯ ಸಮಿತಿಗಳಲ್ಲಿ ಯಾರು ಹೇಗೆ ಮತ ಹಾಕಿದರೆಂಬುದನ್ನು ಬಹಿರಂಗಪಡಿಸಬೇಕೆಂಬ ಪ್ರಶ್ನೆ 2020ರಲ್ಲಿಯೂ 2022ರಲ್ಲಿಯೂ ಹಲವು ಕ್ಷೇತ್ರಗಳಲ್ಲಿ ಭಾರಿ ಬಹುಮತದಿಂದ ಗೆದ್ದಿತು. ಜಂಟಿ ಸಮಿತಿಗಳ ಮತಗಳನ್ನು ಪ್ರಕಟಿಸುವ ನಿಯಮಕ್ಕೆ ಎರಡೂ ಸಭೆಗಳು ಒಪ್ಪಿದ್ದು 2025ರಲ್ಲಿ, ಅದೂ 2024ರಲ್ಲಿ ಶಾಸನಸಭೆಯ ಲೆಕ್ಕ ತಪಾಸಣೆಯ ರಾಜ್ಯಮಟ್ಟದ ಪ್ರಶ್ನೆಯನ್ನು ಜನ ಗೆಲ್ಲಿಸಿದ ಮೇಲೆ. ನೀವು ನವೆಂಬರ್ ಮುಗಿಯುವ ಮೊದಲೇ ಮತಗಟ್ಟೆವಾರು ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆ ಎರಡು ಕಾರಿನ ಬಡಾವಣೆಯ ಮೂರ್ನಾಲ್ಕು ಮತದಾರರನ್ನು ಜೊತೆಗೆ ಕರೆದುಕೊಂಡು ಪ್ರತಿನಿಧಿಯನ್ನು ಭೇಟಿಯಾಗಿ. ಹೊಸ ಅಧಿವೇಶನಕ್ಕೆ ಮಸೂದೆ ಸಲ್ಲಿಸುವ ಗಡುವು ಜನವರಿಯ ಮೂರನೆಯ ಶುಕ್ರವಾರ. ಅವರಿಗೆ ವೈಯಕ್ತಿಕವಾಗಿ ಒಪ್ಪಿಗೆಯಿಲ್ಲದಿದ್ದರೂ, ಕ್ಷೇತ್ರದ ನಾಗರಿಕರ ಕೋರಿಕೆಯ ಮೇರೆಗೆ ಎಂದು ನಮೂದಿಸಿ ನಿಮ್ಮ ಮಸೂದೆಯನ್ನು ಸಲ್ಲಿಸುವ ಸಂಪ್ರದಾಯ ಈ ರಾಜ್ಯದಲ್ಲಿದೆ. ಕರಡು ನಿಮ್ಮ ಕೈಯಲ್ಲಿ ಸಿದ್ಧವಾಗಿರಲಿ.