ಮೇಷ್ಟ್ರೇ, ಅವು ಅದೇ ಹುಡುಗರಲ್ಲ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಾಗದ ಖಾರವಾಗಿಯೇ ಇತ್ತು, ಇರಲಿ ಬಿಡಿ.

ಉಳಿದ ಓದುಗರಿಗೆ ಸ್ವಲ್ಪ ಹಿನ್ನೆಲೆ. ಇವರು ದಾವಣಗೆರೆಯವರು, ಕಾಲೇಜಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಮೊಮ್ಮಗಳು ಅಮೆರಿಕದ ಬ್ಲೂಮಿಂಗ್ಟನ್‌ನಲ್ಲಿ ಓದುತ್ತಿದ್ದಾಳೆ, ಹಾಗಾಗಿ ಅಲ್ಲಿನ ಇಂಡಿಯಾನಾ ಯೂನಿವರ್ಸಿಟಿ ಫುಟ್‌ಬಾಲ್ ತಂಡದ ಹುಚ್ಚು ಹಿಡಿಸಿಕೊಂಡಿದ್ದಾರೆ. ಹೆಲ್ಮೆಟ್ ಹಾಕಿಕೊಂಡು ಚೆಂಡು ಅಪ್ಪಿ ಓಡುತ್ತಾರಲ್ಲ, ಆ ಫುಟ್‌ಬಾಲ್. ಅವರ ತಕರಾರು ಇಷ್ಟು: 2023ರಲ್ಲಿ 12 ಪಂದ್ಯಗಳಲ್ಲಿ ಮೂರೇ ಗೆದ್ದ ತಂಡ ಹೊಸ ಹೆಡ್ ಕೋಚ್ ಬಂದ ಮೇಲೆ 2024ರಲ್ಲೇ 11 ಗೆದ್ದಿತು ಅಂತ ನಾವು ಬರೆದೆವು. "ಜೀವಮಾನವಿಡೀ ಕಬಡ್ಡಿ ತಂಡ ಕಟ್ಟಿದವನು ನಾನು, ಅದೇ ಹುಡುಗರಿಂದ ಒಂದೇ ವರ್ಷದಲ್ಲಿ ಇದು ಆಗದ ಮಾತು, ಏನೋ ಮುಚ್ಚಿಡುತ್ತಿದ್ದೀರಿ" ಅನ್ನುತ್ತಾರೆ.

ಮುಚ್ಚಿಡುವಂಥದ್ದು ಏನೂ ಇಲ್ಲ ಮೇಷ್ಟ್ರೇ. ಅವು ಅದೇ ಹುಡುಗರಲ್ಲ, ಅಷ್ಟೇ.

ಆ ಹೊಸ ಕೋಚ್ ಕರ್ಟ್ ಸಿಗ್ನೆಟಿ 2023ರ ಕೊನೆಗೆ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿ ಬಿಟ್ಟು ಇಂಡಿಯಾನಾಕ್ಕೆ ಬಂದಾಗ ಒಬ್ಬರೇ ಬರಲಿಲ್ಲ. ಮನೆ ಬದಲಾಯಿಸುವವರು ಪಾತ್ರೆ ಪಡಗ ಸಮೇತ ಬರುತ್ತಾರಲ್ಲ, ಹಾಗೆ ಬಂದರು. ಹಿಂದೆಯೇ 13 ಆಟಗಾರರು ಬಂದರು. ದಾಳಿಯ ಪ್ಲಾನ್ ಮಾಡುವ ಮೈಕ್ ಶಾನಹನ್, ಡಿಫೆನ್ಸ್ ನೋಡಿಕೊಳ್ಳುವ ಬ್ರಯಂಟ್ ಹೇನ್ಸ್ ಇಬ್ಬರೂ ಅಲ್ಲಿಂದಲೇ ಬಂದವರು. ಎಲೈಜಾ ಸರಾಟ್, ಏಡನ್ ಫಿಶರ್, ಮಿಕೇಲ್ ಕಮಾರಾ ಅಂತ ಮೊಮ್ಮಗಳ ಬಾಯಲ್ಲಿ ಕೇಳಿರುತ್ತೀರಿ, ಅವರೆಲ್ಲ ಆ ಗುಂಪಿನವರೇ. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೋರ್ಕ್ ಕೆನಡಾದ ಹುಡುಗ, ಅವನು ಬಂದದ್ದು ಓಹಾಯೋ ಯೂನಿವರ್ಸಿಟಿಯಿಂದ. ಮೊದಲಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ, ಕಾಲೇಜು ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಸುಮ್ನೆ ಬೆಂಚಿನ ಮೇಲೆ ಕೂರಬೇಕಿತ್ತು. 2021ರಲ್ಲಿ ಆ ನಿಯಮ ಸಡಿಲವಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಿಕೊಳ್ಳಲೂ ಅನುಮತಿ ಸಿಕ್ಕಿತು.

ಹಾಗಾದರೆ ಕೋಚ್ ಏನು ಮಾಡಿದ ಹಾಗಾಯಿತು ಅಂತ ಕೇಳುತ್ತೀರಿ, ಗೊತ್ತು. ಬಾಗಿಲು ಎಲ್ಲರಿಗೂ ತೆರೆದಿತ್ತಲ್ಲ? 2024ರಲ್ಲಿ ಮಿಷಿಗನ್ ಯೂನಿವರ್ಸಿಟಿ ತಂಡಕ್ಕೂ ಹೊಸ ಹೆಡ್ ಕೋಚ್ ಬಂದಿದ್ದರು, ಶೆರೋನ್ ಮೂರ್. ಹಿಂದಿನ ಋತುವಿನಲ್ಲಿ ಒಂದೂ ಸೋಲದೆ ಚಾಂಪಿಯನ್ ಆದ ತಂಡ ಅದು, ಒಳ್ಳೊಳ್ಳೆ ಆಟಗಾರರೆಲ್ಲ ವೃತ್ತಿಪರ ಲೀಗಿಗೆ ಹೋದರು, ಕೊನೆಗೆ 8 ಗೆಲುವು 5 ಸೋಲು. ನವೆಂಬರ್‌ನಲ್ಲಿ ಇಂಡಿಯಾನಾ ಇದೇ ಮಿಷಿಗನ್ನನ್ನು 20-15ರಿಂದ ಸೋಲಿಸಿತು. ಯಾರು ಬೇಕು ಅಂತ ಸಿಗ್ನೆಟಿಗೆ ಮೊದಲೇ ಗೊತ್ತಿತ್ತು. ಹುಡುಗರನ್ನು ಆರಿಸುವ ಕೆಲಸವನ್ನು ಅವರು ಅಲಬಾಮಾ ಯೂನಿವರ್ಸಿಟಿಯಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗೆ ಮಾಡಿದವರು. ಆಮೇಲೆ ಐವತ್ತರ ಹೊತ್ತಿಗೆ ಅಷ್ಟು ದೊಡ್ಡ ತಂಡ ಬಿಟ್ಟು, ಅಪ್ಪ ಕೋಚ್ ಆಗಿದ್ದ ಪೆನ್ಸಿಲ್ವೇನಿಯಾದ ಸಣ್ಣ ಕಾಲೇಜಿಗೆ ಹೆಡ್ ಕೋಚ್ ಆಗಿ ಹೋದರು. ಈ ಧೈರ್ಯ ನನಗೆ 11 ಗೆಲುವಿಗಿಂತ ದೊಡ್ಡದು ಅನ್ನಿಸುತ್ತೆ.

ಬಾಯಿ ಮಾತ್ರ ಜೋರು. ಬಂದ ಶುರುವಿನಲ್ಲೇ ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಮೈಕ್ ಹಿಡಿದು ಎದುರಾಳಿ ಕಾಲೇಜುಗಳಾದ ಪರ್ಡ್ಯೂ, ಮಿಷಿಗನ್, ಓಹಾಯೋ ಸ್ಟೇಟ್ ಮೂರನ್ನೂ ಒಟ್ಟಿಗೆ ಜರಿದರು. ಆಟಗಾರರನ್ನು ಹೇಗೆ ಒಪ್ಪಿಸುತ್ತೀರಿ ಅಂತ ಪತ್ರಕರ್ತರು ಕೇಳಿದ್ದಕ್ಕೆ ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಅಂದರು. ಬ್ಲೂಮಿಂಗ್ಟನ್ ಅಂದರೆ ಬಾಸ್ಕೆಟ್‌ಬಾಲ್ ಊರು, ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಜಾಗ. ಫುಟ್‌ಬಾಲ್‌ನಲ್ಲಿ ಆಗ ದೇಶದ ದೊಡ್ಡ ಕಾಲೇಜು ತಂಡಗಳ ಪೈಕಿ ಅತಿ ಹೆಚ್ಚು ಸೋಲು ಕಂಡವರೂ ಅವರೇ. ಅಂಥ ಕಡೆ ಯಾರಾದರೂ ಬಂದು ಜಂಬ ಕೊಚ್ಚಿದರೆ ಜನಕ್ಕೆ ಖುಷಿಯಾಗದೆ ಇರುತ್ತಾ?

ಇನ್ನು ನಿಮ್ಮ ಎರಡನೇ ಅನುಮಾನ, ಎದುರಾಳಿಗಳು ಸಪ್ಪೆ ಅನ್ನೋದು. ಅದು ಬಹಳಮಟ್ಟಿಗೆ ನಿಜ. ಗೆದ್ದ 11ರಲ್ಲಿ ಪಂದ್ಯದ ದಿನ ದೇಶದ ಮೊದಲ 25 ತಂಡಗಳ ಪಟ್ಟಿಯಲ್ಲಿದ್ದ ತಂಡ ಒಂದೂ ಇಲ್ಲ. ವೆಸ್ಟರ್ನ್ ಇಲಿನಾಯ್ ಮೇಲೆ 77-3, ಪರ್ಡ್ಯೂ ಮೇಲೆ 66-0, ಇವನ್ನೆಲ್ಲ ಪಂದ್ಯ ಅಂತ ಕರೆಯೋಕೇ ಸಂಕೋಚ. ಆದರೆ ಮಿಷಿಗನ್ ಸ್ಟೇಟ್ ಎದುರಿನ ಪಂದ್ಯ ಮತ್ತೆ ಸಿಕ್ಕರೆ ನೋಡಿ. ಆ ಋತುವಿನಲ್ಲಿ ಮೊದಲ ಸಲ ಹಿಂದೆ ಬಿದ್ದು 0-10 ಆಗಿದ್ದವರು, ಆಮೇಲೆ ಎದುರಾಳಿಗೆ ಒಂದು ಪಾಯಿಂಟೂ ಕೊಡದೆ 47 ಹೊಡೆದರು.

ಓಹಾಯೋ ಸ್ಟೇಟ್ ಕೈಯಲ್ಲಿ 15-38ರ ಸೋಲು ಬಲದ ವ್ಯತ್ಯಾಸವೇ, ಅಲ್ಲಿ ವಾದ ಬೇಡ. ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟರ್ ಅದನ್ನು ಕೈಚೆಲ್ಲಿ ಗೋಲ್ ಗೆರೆ ಹತ್ತಿರವೇ ಅವರಿಗೆ ಒಪ್ಪಿಸಿದ್ದೂ ಸೇರಿತು. ನೋಟರ್ ಡೇಮ್ ಎದುರಿನ ಪ್ಲೇಆಫ್, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಸುತ್ತಿನ ಪಂದ್ಯ ಬೇರೆ ಥರ. ಅದೇ ವರ್ಷ ಪ್ಲೇಆಫ್ 4 ತಂಡದಿಂದ 12ಕ್ಕೆ ಏರಿದ್ದರಿಂದ ಇವರಿಗೆ ಜಾಗ ಸಿಕ್ಕಿತ್ತು. ಶುರುವಿನಲ್ಲೇ ರೋರ್ಕ್ ಎಸೆದ ಚೆಂಡನ್ನು ನೋಟರ್ ಡೇಮ್‌ನವರು ತಮ್ಮ ಗೋಲ್ ಗೆರೆ ಹತ್ತಿರ ಹಿಡಿದುಬಿಟ್ಟರು. ಮರು ಓಟದಲ್ಲೇ ಅವರ ಜೆರೆಮಾಯಾ ಲವ್ ಎಡಬಲ ನೋಡದೆ 98 ಗಜ ಓಡಿ, ಚೆಂಡನ್ನು ಎದುರು ಗೋಲ್ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ. ಅಲ್ಲಿಂದ ಇಂಡಿಯಾನಾ ಚೇತರಿಸಿಕೊಳ್ಳಲೇ ಇಲ್ಲ. 17-27 ಅನ್ನೋ ಅಂಕಿ ನಂಬಬೇಡಿ, ಎರಡು ಟಚ್‌ಡೌನ್ ಬಂದದ್ದು ಎಲ್ಲ ಮುಗಿದ ಮೇಲೆ. ರೋರ್ಕ್ ಇಡೀ ಋತು ಮಂಡಿಯ ಲಿಗಮೆಂಟ್ ಹರಿದುಕೊಂಡೇ ಆಡಿದ್ದ ಅನ್ನೋದು ಹೊರಗೆ ಬಂದದ್ದೂ ಆಮೇಲೆಯೇ.

ಮರುವರ್ಷ ಇದೇ ಸಿಗ್ನೆಟಿ, ಬೇರೆ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು, ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆದರು. ಹಾಗಾಗಿ 2024 ಬರೀ ಅದೃಷ್ಟ ಅನ್ನೋ ವಾದ ಈಗ ನಿಲ್ಲಲ್ಲ.

ಕೊನೆಯ ಪ್ರಶ್ನೆ: ಆ ನೋಟರ್ ಡೇಮ್ ಪಂದ್ಯದಲ್ಲಿ 17 ಪಾಯಿಂಟ್ ಹಿಂದಿದ್ದು, ಕೊನೆಯ ಕ್ವಾರ್ಟರ್‌ನಲ್ಲಿ ಪಂಟ್ ಮಾಡಿ ಚೆಂಡು ಬಿಟ್ಟುಕೊಟ್ಟದ್ದು ಸರಿಯಾ? ಇಲ್ಲ ಮೇಷ್ಟ್ರೇ, ಅದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಗೂಗಲ್ ಮಾಡಿ ನೋಡಿ ಅಂದವರು ಆ ಹೊತ್ತಿಗೆ ಪಂಟ್ ಮಾಡಬಾರದಿತ್ತು. ಮೊಮ್ಮಗಳು ಏನನ್ನುತ್ತಾಳೆ ಕೇಳಿ ಬರೆಯಿರಿ.